ಗಂಟು ಬೇರೆ, ಸಿಕ್ಕು ಬೇರೆ

ಇಂಗ್ಲಿಷಿನಲ್ಲಿ 'ಟ್ಯಾಂಗಲ್' ಎಂಬ ಒಂದು ಸಾಮಾನ್ಯ ಪದವಿದೆ. ದಾರ ಗೋಜಲಾದರೆ ಟ್ಯಾಂಗಲ್, ಕೂದಲು ಹೆಣೆದುಕೊಂಡರೆ ಟ್ಯಾಂಗಲ್, ಕೋರ್ಟು ಕಚೇರಿಯ ವ್ಯವಹಾರದಲ್ಲಿ ಮನುಷ್ಯ ಸಿಲುಕಿದರೂ ಟ್ಯಾಂಗಲ್. ನಮ್ಮ ಹೈಸ್ಕೂಲಿನ ಮಕ್ಕಳು ಅದರ ಮುಂದೆ 'ಸಿಕ್ಕು' ಎಂದು ಅರ್ಥ ಬರೆದುಕೊಂಡು ಮುಂದಿನ ಪದಕ್ಕೆ ಹೋಗುತ್ತಾರೆ. ಸ್ವಲ್ಪ ನಿಂತು ನೋಡಿದರೆ ಈ ಎರಡು ಪದಗಳಲ್ಲಿ ನಮ್ಮ ಬದುಕಿಗೆ ಬೇಕಾದ ಒಂದು ದೊಡ್ಡ ಪಾಠ ಅಡಗಿರುವುದು ಕಾಣುತ್ತದೆ.

ಪದಗಳ ಚರಿತ್ರೆಯನ್ನು ಅಭ್ಯಾಸ ಮಾಡಿದ ವಿದ್ವಾಂಸರು ಟ್ಯಾಂಗಲ್ ಎಂಬುದು ಉತ್ತರ ಯುರೋಪಿನ ಸ್ಕಾಂಡಿನೇವಿಯಾ ಕಡೆಯ ಭಾಷೆಗಳಿಂದ ಇಂಗ್ಲಿಷಿಗೆ ಬಂದಿರಬೇಕೆಂದು ಭಾವಿಸುತ್ತಾರೆ. ಸ್ಕಾಟ್ಲೆಂಡಿನ ಕರಾವಳಿಯಲ್ಲಿ ಒಂದು ಬಗೆಯ ಉದ್ದನೆಯ ಕಡಲಪಾಚಿಗೂ ಇದೇ ಹೆಸರಿದೆ. ಆಶ್ಚರ್ಯದ ಸಂಗತಿ ಇನ್ನೊಂದಿದೆ. ದಾರಕ್ಕೆ ಮೊದಲು ಬಳಕೆಯಾಗಿ ಆಮೇಲೆ ಮನುಷ್ಯನ ಕಷ್ಟಕ್ಕೆ ಬಂದ ಪದ ಇದು ಎಂದು ನಾವು ಎಣಿಸುತ್ತೇವೆ. ಆದರೆ ದಾಖಲೆಗಳಲ್ಲಿ ಇದು ಹಿಂದುಮುಂದಾಗಿದೆ. ಹದಿನಾಲ್ಕನೆಯ ಶತಮಾನದಲ್ಲಿ ಈ ಪದಕ್ಕೆ ಒಬ್ಬನನ್ನು ತೊಂದರೆಯಲ್ಲಿ ಸಿಲುಕಿಸುವುದು ಎಂಬ ಅರ್ಥವಿತ್ತು. ದಾರ, ಹಗ್ಗಗಳ ವಿಷಯದಲ್ಲಿ ಅದು ಬಳಕೆಗೆ ಬಂದದ್ದು ಸುಮಾರು 1500ರ ಹೊತ್ತಿಗೆ. ಮನುಷ್ಯರ ಸಿಕ್ಕು ಮೊದಲು, ನೂಲಿನ ಸಿಕ್ಕು ಆಮೇಲೆ!

ಕನ್ನಡದ 'ಸಿಕ್ಕು' ಇದಕ್ಕಿಂತಲೂ ಆಳವಾದ ಮಾತನ್ನು ಹೇಳುತ್ತದೆ. ತಲೆಗೂದಲಿನ ಸಿಕ್ಕು ಎನ್ನುತ್ತೇವೆ. ಬಲೆಯಲ್ಲಿ ಮೀನು ಸಿಕ್ಕಿತು ಎನ್ನುತ್ತೇವೆ. ಅದೇ ಬಾಯಲ್ಲಿ ಕೆಲಸ ಸಿಕ್ಕಿತು, ದುಡ್ಡು ಸಿಕ್ಕಿತು, ತೋಟ ಸಿಕ್ಕಿತು ಎನ್ನುತ್ತೇವೆ. ದೊರೆಯುವುದಕ್ಕೂ ಸಿಲುಕುವುದಕ್ಕೂ ನಮ್ಮ ಭಾಷೆ ಒಂದೇ ಪದವನ್ನು ಇಟ್ಟುಕೊಂಡಿದೆ. 1894ರಲ್ಲಿ ಮಂಗಳೂರಿನಲ್ಲಿ ಪ್ರಕಟವಾದ ಕಿಟ್ಟೆಲರ ನಿಘಂಟಿನಲ್ಲಿ ಈ ಎರಡೂ ಅರ್ಥಗಳಿವೆ. ತೆಲುಗಿನ 'ಚಿಕ್ಕು' ಎಂಬ ಪದಕ್ಕೂ ಹೀಗೆಯೇ ಎರಡು ಮುಖ. ತಮಿಳಿನಲ್ಲಿ ತೊಡಕಿಗೆ 'ಸಿಕ್ಕಲ್' ಎನ್ನುತ್ತಾರೆ. ಅಂದರೆ ದಕ್ಷಿಣದ ನಮ್ಮ ಹಿರಿಯರು ಬಹಳ ಹಿಂದೆಯೇ ಕಂಡುಕೊಂಡಿದ್ದರು: ಒಂದು ವಸ್ತು ನಮಗೆ ಸಿಕ್ಕಿತು ಎನ್ನುವ ಗಳಿಗೆಯಲ್ಲೇ ನಾವೂ ಅದಕ್ಕೆ ಸಿಕ್ಕಿರುತ್ತೇವೆ.

ನಮ್ಮ ಚಿಕ್ಕನಾಯಕನಹಳ್ಳಿ ತಾಲೂಕಿನ ತೀರ್ಥಪುರದವರಾದ ತೀ.ನಂ. ಶ್ರೀಕಂಠಯ್ಯನವರು (1906-1966) ಕನ್ನಡ ವ್ಯಾಕರಣವನ್ನೂ ಕಾವ್ಯಮೀಮಾಂಸೆಯನ್ನೂ ನಾಡಿಗೆ ಕಲಿಸಿದ ದೊಡ್ಡ ವಿದ್ವಾಂಸರು. ಅವರ ಪ್ರಬಂಧ ಸಂಕಲನದ ಹೆಸರು 'ನಂಟರು'. ನಂಟು ಎಂದರೆ ಸಂಬಂಧ. ನಂಟು ಇದ್ದಲ್ಲಿ ಕೊಡುವುದು ತೆಗೆದುಕೊಳ್ಳುವುದು ಇದ್ದೇ ಇರುತ್ತದೆ. ಅಕ್ಕಿಯ ಮೇಲೆ ಆಸೆ, ನೆಂಟರ ಮೇಲೆ ಪ್ರೀತಿ ಎಂಬ ಗಾದೆ ನಮ್ಮ ಮನೆಗಳಲ್ಲಿ ನಗುನಗುತ್ತಾ ಹೇಳುವ ಮಾತು. ಆದರೆ ಆ ಎರಡನ್ನೂ ಒಟ್ಟಿಗೆ ಇಟ್ಟುಕೊಂಡು ಬಾಳುವುದು ನಗುವಿನ ವಿಷಯವೇನಲ್ಲ. ಹಾಗಾದರೆ ಸಿಕ್ಕಿನಿಂದ ಪಾರಾಗಬೇಕಾದರೆ ನಂಟನ್ನೇ ಬಿಡಬೇಕೇ? ಯಾರಿಂದಲೂ ಏನನ್ನೂ ಪಡೆಯದೆ, ಯಾರಿಗೂ ಏನನ್ನೂ ಕೊಡದೆ ಇರುವವನೇ ಸ್ವತಂತ್ರನೇ? ಇದು ಈ ಲೇಖನದ ಪ್ರಶ್ನೆ.

ಉತ್ತರಕ್ಕಾಗಿ ಇನ್ನೊಂದು ಪದದ ಕಡೆ ತಿರುಗೋಣ. ಅರಬಿಯಲ್ಲಿ ಗಂಟಿಗೆ 'ಉಖ್ದ' ಎನ್ನುತ್ತಾರೆ. ಅದೇ ಧಾತುವಿನಿಂದ ಬಂದದ್ದು 'ಅಖ್ದ್', ಅಂದರೆ ಕರಾರು, ಒಪ್ಪಂದ. ನಮ್ಮ ಮನೆಗಳ ಮದುವೆಯ ಕರೆಯೋಲೆಯಲ್ಲಿ ಅಖ್ದ್ ಇಷ್ಟು ಗಂಟೆಗೆ ಎಂದು ಅಚ್ಚಾಗುವುದನ್ನು ನೀವು ಕಂಡಿದ್ದೀರಿ. ಪವಿತ್ರ ಕುರ್‌ಆನ್ ವಿವಾಹವನ್ನು 'ಉಖ್ದತುನ್ನಿಕಾಹ್', ಅಂದರೆ ವಿವಾಹದ ಗಂಟು ಎಂದು ಕರೆದಿದೆ (ಅಲ್ ಬಕರ: 235, 237). ಅಲ್ ಮಾಇದಾ ಅಧ್ಯಾಯದ ಮೊದಲ ಸೂಕ್ತದಲ್ಲೇ ಸತ್ಯವಿಶ್ವಾಸಿಗಳಿಗೆ ತಮ್ಮ ಕರಾರುಗಳನ್ನು ಪೂರೈಸಬೇಕೆಂಬ ಆಜ್ಞೆಯಿದೆ. ಅಷ್ಟೇ ಏಕೆ, ನಾವು ವಿಶ್ವಾಸಕ್ಕೆ ಹೇಳುವ 'ಅಖೀದಾ' ಎಂಬ ಪದವೂ ಈ ಧಾತುವಿನದೇ. ಹೃದಯದಲ್ಲಿ ಬಿಗಿದುಕೊಂಡ ಗಂಟೇ ಅಖೀದಾ.

ಹಾಗಾದರೆ ಗಂಟು ಕೆಟ್ಟದ್ದಲ್ಲ. ಗಂಟಿಗೂ ಸಿಕ್ಕಿಗೂ ಇರುವ ಅಂತರ ಇಲ್ಲಿದೆ: ಗಂಟನ್ನು ಒಬ್ಬರು ತಿಳಿದು ಹಾಕುತ್ತಾರೆ. ಎಲ್ಲಿ ಹಾಕಿದೆ, ಹೇಗೆ ಹಾಕಿದೆ, ಹೇಗೆ ಬಿಚ್ಚಬೇಕು ಎಂಬುದು ಹಾಕಿದವನಿಗೆ ಗೊತ್ತಿರುತ್ತದೆ. ಸಿಕ್ಕನ್ನು ಯಾರೂ ಹಾಕುವುದಿಲ್ಲ. ಯಾರೂ ನೋಡದಿರುವಾಗ ಅದು ತಾನಾಗಿ ಆಗುತ್ತದೆ. ಆದ್ದರಿಂದಲೇ ಅದನ್ನು ಎಲ್ಲಿಂದ ಬಿಚ್ಚಬೇಕೆಂದು ಯಾರಿಗೂ ಗೊತ್ತಿರುವುದಿಲ್ಲ.

ತೆಂಗಿನ ನಾಡಿನ ನಮಗೆ ಇದನ್ನು ತಿಳಿಯಲು ದೂರ ಹೋಗಬೇಕಾಗಿಲ್ಲ. ಕಾಯಿ ಸುಲಿದ ಮಟ್ಟೆಯ ನಾರನ್ನು ನೋಡಿ. ಒಂದೊಂದು ಎಳೆಯೂ ಹೆಚ್ಚೆಂದರೆ ಒಂದು ಗೇಣಿನ ಆಸುಪಾಸು. ರಾಶಿ ಹಾಕಿಟ್ಟರೆ ಒಂದಕ್ಕೊಂದು ತೊಡರಿಕೊಂಡು ಹಕ್ಕಿಯ ಗೂಡಿನಂತಾಗುತ್ತದೆ. ಅದೇ ನಾರನ್ನು ಒಂದು ದಿಕ್ಕಿಗೆ ಹೊಸೆದು ಹುರಿ ಮಾಡಿ, ಅಂಥ ಎರಡು ಹುರಿಗಳನ್ನು ಎದುರು ದಿಕ್ಕಿಗೆ ಸುತ್ತಿದರೆ ಹಗ್ಗವಾಗುತ್ತದೆ. ಹುರಿ ಬಿಚ್ಚಿಕೊಳ್ಳಲು ಎಳೆದಷ್ಟೂ ಹಗ್ಗದ ಸುತ್ತು ಬಿಗಿಯಾಗುತ್ತದೆ. ಹೀಗೆ ಗೇಣುದ್ದದ ನಾರು ಮಾರುಗಟ್ಟಲೆ ಉದ್ದದ ಹಗ್ಗವಾಗಿ ಬಾವಿಯಿಂದ ಕೊಡವನ್ನು ಎತ್ತುತ್ತದೆ. ರಾಶಿಯಲ್ಲಿದ್ದದ್ದೂ ಅದೇ ನಾರು, ಹಗ್ಗದಲ್ಲಿದ್ದದ್ದೂ ಅದೇ ನಾರು. ಹೊಸೆದ ಕೈ ಇತ್ತೇ ಇಲ್ಲವೇ ಎಂಬುದೊಂದೇ ವ್ಯತ್ಯಾಸ.

ಕುರ್‌ಆನ್ ಕೂಡ ಹಗ್ಗ, ನೂಲುಗಳ ಉಪಮೆಯನ್ನು ಬಳಸಿದೆ. ಅಲ್ಲಾಹನ ಹಗ್ಗವನ್ನು ಎಲ್ಲರೂ ಕೂಡಿ ಭದ್ರವಾಗಿ ಹಿಡಿಯಬೇಕೆಂದು ಒಂದು ಕಡೆ ಆದೇಶವಿದೆ (ಆಲಿ ಇಮ್ರಾನ್: 103). ಇನ್ನೊಂದು ಕಡೆ ಅಬೂ ಲಹಬನ ಹೆಂಡತಿಯ ಕೊರಳಲ್ಲಿ ಖರ್ಜೂರದ ನಾರಿನ ಹುರಿಹಗ್ಗ ಇರುವುದೆಂಬ ಎಚ್ಚರಿಕೆಯಿದೆ (ಅಲ್ ಮಸದ್: 5). ಹಿಡಿದು ಮೇಲೆ ಬರುವ ಹಗ್ಗವೂ ಉಂಟು, ಕೊರಳಿಗೆ ಉರುಳಾಗುವ ಹಗ್ಗವೂ ಉಂಟು. ಆಣೆಯಿಟ್ಟು ಮುರಿಯುವವರನ್ನು, ಗಟ್ಟಿಯಾಗಿ ನೂತ ನೂಲನ್ನು ತಾನೇ ಎಳೆಎಳೆಯಾಗಿ ಬಿಚ್ಚಿಹಾಕುವ ಹೆಂಗಸಿಗೆ ಹೋಲಿಸಲಾಗಿದೆ (ಅನ್ನಹ್ಲ್: 92). ಮಕ್ಕಾದಲ್ಲಿ ಅಂಥ ಒಬ್ಬ ಸ್ತ್ರೀ ಇದ್ದಳೆಂದು ಕೆಲವು ವ್ಯಾಖ್ಯಾನಕಾರರು ಹೇಳಿದ್ದಾರೆ. ದಿನವಿಡೀ ನೂತು ಸಂಜೆ ಬಿಚ್ಚಿದರೆ ಉಳಿಯುವುದು ನೂಲೂ ಅಲ್ಲ, ಹತ್ತಿಯೂ ಅಲ್ಲ.

ಈಗ ನಮ್ಮ ತೋಟಗಳ ಕಡೆ ಬರೋಣ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ಹೆಸರುವಾಸಿ ಸರಕು ಉಂಡೆ ಕೊಬ್ಬರಿ. ಬಲಿತ ಕಾಯಿಯನ್ನು ಅಟ್ಟದ ಮೇಲೆ ಹೆಚ್ಚುಕಡಿಮೆ ಒಂದು ವರ್ಷ ಇಟ್ಟು, ಒಳಗಿನ ನೀರು ಆರಿ, ಅಲ್ಲಾಡಿಸಿದರೆ ಕೊಬ್ಬರಿ ಉರುಳುವ ಸದ್ದು ಬಂದ ಮೇಲೆ ಒಡೆಯುತ್ತಾರೆ. ಅಂದರೆ ಮರದಿಂದ ಇಳಿದ ಕಾಯಿ ಹಣವಾಗುವುದಕ್ಕೆ ಒಂದು ವರ್ಷ. ಆ ಒಂದು ವರ್ಷದಲ್ಲಿ ಮದುವೆ ಬರುತ್ತದೆ, ಹೆರಿಗೆ ಬರುತ್ತದೆ, ಮಕ್ಕಳ ಫೀಜು ಬರುತ್ತದೆ, ಕೊಳವೆಬಾವಿಯ ಮೋಟಾರು ಕೆಡುತ್ತದೆ. ಕೊಬ್ಬರಿ ಮಾರಿದ ಮೇಲೆ ಕೊಡುತ್ತೇನೆ ಎಂಬ ಮಾತಿನ ಮೇಲೆ ಕೈಗಡ ನಡೆಯುತ್ತದೆ. ಬೆಲೆಯೋ ಇಂದು ಇದ್ದಂತೆ ನಾಳೆ ಇಲ್ಲ. 2024ರ ಹಂಗಾಮಿಗೆ ಕೇಂದ್ರ ಸರ್ಕಾರವು ಉಂಡೆ ಕೊಬ್ಬರಿಗೆ ಕ್ವಿಂಟಲಿಗೆ 12,000 ರೂಪಾಯಿ ಬೆಂಬಲ ಬೆಲೆ ಗೊತ್ತುಮಾಡಿತ್ತು. ಮಾರುಕಟ್ಟೆಯ ಬೆಲೆ ಅದಕ್ಕಿಂತ ಕೆಳಗೆ ಬೀಳುವುದೂ ಉಂಟು, ಬಹಳ ಮೇಲೆ ಏರುವುದೂ ಉಂಟು.

ಒಂದು ಉದಾಹರಣೆ ನೋಡೋಣ. ಅಣ್ಣ ತಮ್ಮಂದಿರಿಬ್ಬರು. ತಮ್ಮನು ಊರೂರು ತಿರುಗಿ ಕಾಯಿ ಕೊಂಡು ಅಟ್ಟಕ್ಕೆ ಹಾಕುವಾಗ ಅಣ್ಣನು 50,000 ರೂಪಾಯಿ ಕೊಟ್ಟನು. "ಇಟ್ಟುಕೋ, ಆಮೇಲೆ ನೋಡೋಣ" ಎಂದನು. ಪತ್ರವಿಲ್ಲ, ಸಾಕ್ಷಿಯಿಲ್ಲ. ಬೆಲೆ ಏರಿತು. ಅಣ್ಣನ ಮನಸ್ಸಿನಲ್ಲಿ ಅದು ಪಾಲುದಾರಿಕೆಯ ಹಣ, ಲಾಭದಲ್ಲಿ ಭಾಗ ಬರಬೇಕು. ತಮ್ಮನ ಮನಸ್ಸಿನಲ್ಲಿ ಅದು ಸಾಲ, ಕೊಟ್ಟಷ್ಟನ್ನೇ ಹಿಂದಿರುಗಿಸಿದರೆ ಸಾಕು. ತಮ್ಮನ ಹೆಂಡತಿಯ ಮನಸ್ಸಿನಲ್ಲಿ, ಮದುವೆಯ ಕಾಲದಲ್ಲಿ ಭಾವ ಕೊಡುತ್ತೇನೆಂದ ಉಡುಗೊರೆ ಅದು. ಮೂವರೂ ಸುಳ್ಳು ಹೇಳುತ್ತಿಲ್ಲ. ನಮ್ಮ ಫಿಖ್ಹ್‌ನಲ್ಲಿ ಈ ಮೂರಕ್ಕೂ ಬೇರೆಬೇರೆ ಹೆಸರುಗಳಿವೆ: ಶಿರ್ಕತ್, ಖರ್ಜ್, ಹಿಬಾ. ಸಾಲಕ್ಕೆ ಹೆಚ್ಚಿನದನ್ನು ಕೇಳುವಂತಿಲ್ಲ. ಪಾಲುದಾರಿಕೆಯಲ್ಲಿ ಲಾಭದಂತೆ ನಷ್ಟವನ್ನೂ ಹೊರಬೇಕು. ಉಡುಗೊರೆ ಕೊಟ್ಟು ವಾಪಸು ಕೇಳುವುದು ನಿಂದ್ಯ. ಕೊಟ್ಟ ದಿನ ಆ ಹಣಕ್ಕೆ ಒಂದು ಹೆಸರಿಟ್ಟಿದ್ದರೆ ಅದು ಗಂಟಾಗುತ್ತಿತ್ತು. ಹೆಸರಿಲ್ಲದ್ದರಿಂದ ಸಿಕ್ಕಾಯಿತು. ಮುಂದಿನ ಈದ್‌ಗೆ ಎರಡು ಮನೆಗಳ ನಡುವೆ ಬಿರಿಯಾನಿಯ ತಟ್ಟೆ ಹೋಗಿ ಬರುವುದು ನಿಂತಿತು.

ಇಲ್ಲಿ ನಮ್ಮ ಜನ ಒಂದು ಆಕ್ಷೇಪ ಎತ್ತುತ್ತಾರೆ. "ಒಡಹುಟ್ಟಿದವರ ನಡುವೆ ಪತ್ರ ಯಾಕೆ? ಬರೆದುಕೊಡು ಎಂದರೆ ನಂಬಿಕೆಯಿಲ್ಲ ಎಂದಲ್ಲವೇ?" ಈ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ನಂಬಿಕೆ ದೊಡ್ಡ ಸಂಪತ್ತು. ಎಲ್ಲವನ್ನೂ ಲೆಕ್ಕದಲ್ಲಿ ಅಳೆಯುವ ಮನೆಯಲ್ಲಿ ಮಮತೆ ಒಣಗುತ್ತದೆ ಎಂಬುದೂ ನಿಜ. ಪರಸ್ಪರ ನಂಬಿಕೆಯಿದ್ದಲ್ಲಿ ನಂಬಿಕೆಗೆ ಪಾತ್ರನಾದವನು ತನ್ನ ಹೊಣೆಯನ್ನು ಸಲ್ಲಿಸಲಿ ಎಂದು ಕುರ್‌ಆನ್ ಕೂಡ ಹೇಳಿದೆ (ಅಲ್ ಬಕರ: 283). ಸಾಲವನ್ನು ಬರೆದಿಡುವುದು ಕಡ್ಡಾಯವಲ್ಲ, ಅಪೇಕ್ಷಣೀಯ ಎಂಬುದು ಬಹುಪಾಲು ಫಿಖ್ಹ್ ವಿದ್ವಾಂಸರ ಅಭಿಪ್ರಾಯ.

ಆದರೆ ಅದಕ್ಕೆ ಹಿಂದಿನ ಸೂಕ್ತವನ್ನು ಗಮನವಿಟ್ಟು ಓದಿರಿ. ಇಡೀ ಕುರ್‌ಆನ್‌ನಲ್ಲಿ ಅತ್ಯಂತ ದೀರ್ಘವಾದ ಸೂಕ್ತ ಅದು (ಅಲ್ ಬಕರ: 282). ಅದರ ವಿಷಯ ನಮಾಝ್ ಅಲ್ಲ, ಉಪವಾಸ ಅಲ್ಲ. ಅವಧಿ ಗೊತ್ತುಮಾಡಿ ಪಡೆದ ಸಾಲವನ್ನು ಬರೆದಿಡುವುದು ಅದರ ವಿಷಯ! ಮೊತ್ತ ಸಣ್ಣದಿರಲಿ ದೊಡ್ಡದಿರಲಿ ಬರೆಯಲು ಬೇಸರಪಡಬಾರದು, ಸಾಕ್ಷಿಗಳಿರಬೇಕು, ಬರೆಯುವವನಿಗಾಗಲಿ ಸಾಕ್ಷಿಗಾಗಲಿ ತೊಂದರೆ ಕೊಡಬಾರದು ಎಂದು ಅದು ಕಲಿಸುತ್ತದೆ. ಆ ಸೂಕ್ತದಲ್ಲಿ ಒಂದು ಸೂಕ್ಷ್ಮವಿದೆ. ಪತ್ರದ ಒಕ್ಕಣೆಯನ್ನು ಹೇಳಿ ಬರೆಸಬೇಕಾದವನು ಯಾರು? ಕೊಟ್ಟವನಲ್ಲ, ತೆಗೆದುಕೊಂಡವನು. ಸಾಲ ಯಾರ ಮೇಲಿದೆಯೋ ಅವನೇ ತನ್ನ ಬಾಯಿಂದ ಹೇಳಿ ಬರೆಸಬೇಕು.

ನಮ್ಮ ಆಕ್ಷೇಪಕ್ಕೆ ಇದಕ್ಕಿಂತ ಚೆಂದದ ಉತ್ತರ ಬೇರೆಯಿಲ್ಲ. ಕೊಡುವವನು ಪತ್ರ ಕೇಳಿದರೆ ತೆಗೆದುಕೊಳ್ಳುವವನಿಗೆ ಅವಮಾನವೆನಿಸುತ್ತದೆ. ತೆಗೆದುಕೊಳ್ಳುವವನೇ ಮುಂದಾಗಿ, "ಭಾಯಿ, ಇರಿ, ಒಂದು ಹಾಳೆ ತರುತ್ತೇನೆ, ನನ್ನ ಮೇಲೆ ಇಷ್ಟಿದೆ ಎಂದು ಬರೆದುಕೊಡುತ್ತೇನೆ" ಎಂದರೆ ಅಲ್ಲಿ ಯಾರಿಗೆ ಅವಮಾನ? ಕೊಡುವವನ ಮನಸ್ಸು ತುಂಬುತ್ತದೆ, ತೆಗೆದುಕೊಳ್ಳುವವನ ಗೌರವ ಹೆಚ್ಚುತ್ತದೆ. ಪತ್ರವು ಅಪನಂಬಿಕೆಯ ಗುರುತಾಗುವುದು ನಾವು ಅದನ್ನು ತಪ್ಪು ಬಾಯಿಂದ ಹೊರಡಿಸಿದಾಗ ಮಾತ್ರ. ಸಿಕ್ಕಿದವನು ಸಿಕ್ಕಿಕೊಳ್ಳದಿರುವ ದಾರಿಯೂ ಇದೇ. ಪಡೆದ ಗಳಿಗೆಯಲ್ಲೇ ತನ್ನ ಹೊಣೆಯನ್ನು ಹೇಳಿಬಿಡುವುದು!

ಸಾಲಕ್ಕಿಂತಲೂ ದೊಡ್ಡ ಸಿಕ್ಕು ಪಾಲಿನದು. ತಂದೆ ತೀರಿದ ಮೇಲೆ ಸಹೋದರರು ತೋಟವನ್ನು ಒಟ್ಟಿಗೆ ಇಟ್ಟುಕೊಳ್ಳುತ್ತಾರೆ. ಸಹೋದರಿಯರು ಗಂಡನ ಮನೆಯಲ್ಲಿರುತ್ತಾರೆ. "ಆಪಾ ಏನು ಕೇಳಲಿಲ್ಲವಲ್ಲ" ಎಂದು ವರ್ಷಗಳು ಉರುಳುತ್ತವೆ. ಆಪಾ ಕೇಳದಿರುವುದು ಬಿಟ್ಟುಕೊಟ್ಟಂತೆ ಅಲ್ಲ. ತವರಿನ ಬಾಗಿಲು ಮುಚ್ಚೀತೆಂಬ ಭಯ ಆಕೆಯ ಬಾಯಿ ಕಟ್ಟಿರಬಹುದು. ಹೆಣ್ಣುಮಕ್ಕಳ ಪಾಲನ್ನು ಅಲ್ಲಾಹನೇ ಗೊತ್ತುಮಾಡಿದ್ದಾನೆ (ಅನ್ನಿಸಾ: 11). ಪಾಲಿಗೂ ಮುಂಚೆ ಮೃತರ ಸಾಲ ತೀರಬೇಕು, ವಸಿಯ್ಯತ್ ಸಲ್ಲಬೇಕು. ತಾಯಿಗೆ ಕೊಡದೆ ಉಳಿದ ಮಹರ್ ಕೂಡ ತಂದೆಯ ಮೇಲಿನ ಸಾಲವೇ. ಎಷ್ಟು ಮನೆಗಳಲ್ಲಿ ಮಕ್ಕಳು ಮರಗಳನ್ನು ಎಣಿಸಿ ಹಂಚಿಕೊಳ್ಳುವ ಮುಂಚೆ ಅಮ್ಮಿಯ ಮಹರಿನ ಲೆಕ್ಕ ನೋಡುತ್ತಾರೆ? ಇಂದು ಹಂಚಿದರೆ ಮೂರು ನಾಲ್ಕು ಜನರ ಮಾತು. ಒಂದು ತಲೆಮಾರು ಕಳೆದರೆ ಮೂವತ್ತು ವಾರಸುದಾರರು, ಹತ್ತು ಊರು, ಒಂದು ಕೋರ್ಟು.

ಇದು ಈ ಲೋಕದಲ್ಲೇ ಮುಗಿಯುವ ವ್ಯವಹಾರವೂ ಅಲ್ಲ. ಪ್ರವಾದಿಯವರ(ಸ) ಬಳಿಗೆ ಒಬ್ಬರ ಜನಾಝಾ ತರಲಾಯಿತು. ಅವರ ಮೇಲೆ ಮೂರು ದೀನಾರ್ ಸಾಲವಿದೆಯೆಂದು, ತೀರಿಸಲು ಏನನ್ನೂ ಬಿಟ್ಟುಹೋಗಿಲ್ಲವೆಂದು ತಿಳಿದಾಗ ಪ್ರವಾದಿಯವರು(ಸ) ತಾವು ಮುಂದೆ ನಿಲ್ಲದೆ, ನಮಾಝ್ ಮಾಡಿರೆಂದು ಸಂಗಾತಿಗಳಿಗೆ ಹೇಳಿದರು. ಆಗ ಅಬೂ ಖತಾದಾ(ರ) ಆ ಸಾಲವನ್ನು ತಮ್ಮ ಮೇಲೆ ತೆಗೆದುಕೊಂಡರು. ಆ ಬಳಿಕವೇ ಪ್ರವಾದಿಯವರು(ಸ) ನಮಾಝ್ ನಿರ್ವಹಿಸಿದರು (ಬುಖಾರಿ). ಸತ್ಯವಿಶ್ವಾಸಿಯ ಆತ್ಮವು ಸಾಲ ತೀರುವ ತನಕ ಅದಕ್ಕೆ ತೂಗಿಬಿದ್ದಿರುತ್ತದೆ ಎಂಬ ಅರ್ಥದ ಹದೀಸ್ ತಿರ್ಮಿದಿಯಲ್ಲಿದೆ. ನಾವು ಮಣ್ಣಿಗೆ ಸೇರಿದ ಮೇಲೂ ಬಿಚ್ಚಿಕೊಳ್ಳದ ಸಿಕ್ಕು ಇದು.

ಇಂಥ ಸಿಕ್ಕುಗಳಾದಾಗ ಕೆಲವರು ತಮ್ಮ ಅಲಕ್ಷ್ಯವನ್ನು ನೋಡದೆ, "ಯಾರೋ ಮಾಟ ಮಾಡಿಸಿದ್ದಾರೆ, ಅದಕ್ಕೇ ಮನೆ ಒಡೆಯಿತು" ಎನ್ನುತ್ತಾರೆ. ಗಂಟುಗಳಲ್ಲಿ ಊದುವವರ ಕೇಡಿನಿಂದ ಅಲ್ಲಾಹನ ಅಭಯ ಯಾಚಿಸಲು ಅಲ್ ಫಲಖ್ ಅಧ್ಯಾಯ ಕಲಿಸುತ್ತದೆ, ನಾವು ಯಾಚಿಸಲೇಬೇಕು. ಆದರೆ ಕೊಡಬೇಕಾದ ಹಣವನ್ನು ಕೊಡದೆ ತಾಯಿತಕ್ಕೆ ಖರ್ಚು ಮಾಡಿದರೆ ಸಿಕ್ಕು ಬಿಚ್ಚುತ್ತದೆಯೇ? ಮಲಗಿದವನ ಹಿಂದಲೆಯಲ್ಲಿ ಶೈತಾನನು ಮೂರು ಗಂಟು ಹಾಕುತ್ತಾನೆಂದೂ, ಎದ್ದು ಅಲ್ಲಾಹನನ್ನು ಸ್ಮರಿಸಿದರೆ ಒಂದು, ವುಝೂ ಮಾಡಿದರೆ ಇನ್ನೊಂದು, ನಮಾಝ್ ಮಾಡಿದರೆ ಮೂರನೆಯದು ಬಿಚ್ಚುವುದೆಂದೂ ಹದೀಸ್‌ನಲ್ಲಿದೆ (ಬುಖಾರಿ, ಮುಸ್ಲಿಮ್). ಆ ಗಂಟುಗಳು ಬೀಳುವುದು ನಿದ್ದೆಯಲ್ಲಿ, ಬಿಚ್ಚುವುದು ಎದ್ದು ಮಾಡುವ ಸಣ್ಣ ಸಣ್ಣ ಕೆಲಸಗಳಿಂದ, ಒಂದೊಂದಾಗಿ.

ಆಗಿಹೋದ ಸಿಕ್ಕನ್ನು ಬಿಡಿಸುವ ಬಗೆಯನ್ನು ನಮ್ಮ ತಾಯಂದಿರಿಂದ ಕಲಿಯಬೇಕು. ಮಗಳ ತಲೆಗೂದಲು ಸಿಕ್ಕಾದರೆ ತಾಯಿ ಕತ್ತರಿ ತರುವುದಿಲ್ಲ. ಬುಡದಿಂದ ಬಾಚಣಿಗೆ ಎಳೆಯುವುದೂ ಇಲ್ಲ. ಎಳೆದರೆ ಸಿಕ್ಕು ಇನ್ನೂ ಬಿಗಿಯುತ್ತದೆ, ಮಗು ಅಳುತ್ತದೆ. ಕೊಬ್ಬರಿ ಎಣ್ಣೆ ಹಚ್ಚಿ, ತುದಿಯಿಂದ ಆರಂಭಿಸಿ ಸ್ವಲ್ಪಸ್ವಲ್ಪವೇ ಮೇಲಕ್ಕೆ ಬರುತ್ತಾಳೆ. ಮನೆತನದ ಸಿಕ್ಕಿಗೂ ಇದೇ ಕ್ರಮ. ಕತ್ತರಿಸುವುದೆಂದರೆ ನಂಟನ್ನೇ ಕಡಿಯುವುದು. ಕುಟುಂಬ ಸಂಬಂಧ ಕಡಿಯುವವನು ಸ್ವರ್ಗ ಪ್ರವೇಶಿಸಲಾರನೆಂಬ ಕಠಿಣ ಎಚ್ಚರಿಕೆ ಬುಖಾರಿ, ಮುಸ್ಲಿಮ್ ಎರಡರಲ್ಲೂ ಇದೆ. ಎಳೆಯುವುದೆಂದರೆ ಮೊದಲ ದಿನವೇ ಎಲ್ಲ ಹಳೆಯ ಲೆಕ್ಕ ತೆಗೆದು ಜಮಾಅತ್ತಿನ ಮುಂದೆ ಕೂಗಾಡುವುದು. ಎರಡೂ ಬೇಡ. ತುದಿಯ ಸಣ್ಣ ವಿಷಯದಿಂದ ಆರಂಭಿಸಲಿ. ಮಮತೆಯ ಎಣ್ಣೆ ಇರಲಿ. ಸಾಲಗಾರ ಕಷ್ಟದಲ್ಲಿದ್ದರೆ ಅನುಕೂಲವಾಗುವ ತನಕ ಅವಕಾಶ ಕೊಡಬೇಕು, ಮನ್ನಾ ಮಾಡಿದರೆ ಇನ್ನೂ ಉತ್ತಮ ಎಂದು ಕುರ್‌ಆನ್ ಬೋಧಿಸುತ್ತದೆ (ಅಲ್ ಬಕರ: 280). ಹಾಕಿದ ಗಂಟನ್ನು ಸಡಿಲಿಸುವುದೂ ಒಂದು ಪುಣ್ಯ. ಆದರೆ ಎಷ್ಟು ಇತ್ತೆಂದು ತಿಳಿದಿದ್ದರೆ ತಾನೇ ಮನ್ನಾ ಮಾಡುವುದು?

ನಮ್ಮ ಮನೆಗಳ ಉರ್ದುವಿನಲ್ಲಿ ಸಿಕ್ಕಾಗುವುದಕ್ಕೆ 'ಉಲಝ್‌ನಾ', ಬಿಡಿಸಿಕೊಳ್ಳುವುದಕ್ಕೆ 'ಸುಲಝ್‌ನಾ'. ಎರಡಕ್ಕೂ ಒಂದೇ ಒಂದು ಅಕ್ಷರದ ಅಂತರ. ಆ ಅಂತರವನ್ನು ದಾಟಲು ಬೇಕಾದದ್ದು ಮೊದಲಿಗೆ ಒಂದು ಮಾತು. ಮೂಸಾ(ಅ) ಫಿರ್‌ಔನನ ಬಳಿಗೆ ಹೊರಡುವಾಗ ತಮ್ಮ ನಾಲಗೆಯ ಗಂಟನ್ನು ಬಿಚ್ಚಬೇಕೆಂದು ಅಲ್ಲಾಹನಲ್ಲಿ ಬೇಡಿದರು (ತಾಹಾ: 27). ಅಲ್ಲಿಯೂ ಪದ ಉಖ್ದವೇ. ನಮ್ಮ ಹೆಚ್ಚಿನ ಸಿಕ್ಕುಗಳು ಕೈಯಲ್ಲಿ ಆದವಲ್ಲ, ಕಟ್ಟಿಕೊಂಡ ನಾಲಗೆಯಿಂದ ಆದವು. ಹೇಳಬೇಕಾದುದನ್ನು ಹೇಳಬೇಕಾದ ದಿನ ಹೇಳಲಿಲ್ಲ, ಅಷ್ಟೇ.

ಆದ್ದರಿಂದ ಆರಂಭದ ಪ್ರಶ್ನೆಗೆ ಉತ್ತರ ಹೀಗೆ: ನಂಟನ್ನು ಬಿಡಬೇಕಾಗಿಲ್ಲ, ನಂಟನ್ನು ಹೊಸೆಯಬೇಕು. ಇಸ್ಲಾಮ್ ನಮ್ಮನ್ನು ಯಾವ ಹಂಗೂ ಇಲ್ಲದ ಒಂಟಿ ಎಳೆಯಾಗಿರಲು ಕರೆದಿಲ್ಲ. ಒಂಟಿ ಎಳೆಯಿಂದ ಕೊಡ ಮೇಲೆ ಬರುವುದಿಲ್ಲ. ಸಿಕ್ಕಿದ್ದನ್ನು ಪಡೆಯಿರಿ, ಆದರೆ ಹೆಸರಿಟ್ಟು ಪಡೆಯಿರಿ. ವಸಿಯ್ಯತ್ ಮಾಡಬೇಕಾದ ಏನಾದರೂ ಇರುವ ಮುಸ್ಲಿಮನು ಅದನ್ನು ಬರೆದಿಡದೆ ಎರಡು ರಾತ್ರಿ ಕಳೆಯುವುದು ಸರಿಯಲ್ಲವೆಂದು ಪ್ರವಾದಿಯವರು(ಸ) ಕಲಿಸಿದ್ದಾರೆ (ಬುಖಾರಿ, ಮುಸ್ಲಿಮ್). ಓದುಗ ಬಂಧುಗಳೇ, ಈ ಪತ್ರಿಕೆಯನ್ನು ಮಡಚಿಡುವ ಮುಂಚೆ ಮಕ್ಕಳ ಹಳೆಯ ನೋಟುಪುಸ್ತಕದಿಂದ ಒಂದು ಹಾಳೆ ತೆಗೆದುಕೊಳ್ಳಿ. ಯಾರಿಗೆ ಎಷ್ಟು ಕೊಡಬೇಕು, ಯಾರಿಂದ ಎಷ್ಟು ಬರಬೇಕು, ಯಾರ ಅಮಾನತು ನಿಮ್ಮ ಬಳಿ ಇದೆ, ಯಾವ ಸಹೋದರಿಯ ಪಾಲು ಬಾಕಿ ಇದೆ ಎಂದು ಬರೆದು, ಮನೆಯವರಿಗೆ ಓದಿ ಹೇಳಿ, ತಾರೀಕು ಹಾಕಿ ಸಹಿ ಮಾಡಿರಿ. ಅಲ್ಲಾಹನು ನಮ್ಮ ನಾಲಗೆಯ ಗಂಟನ್ನು ಬಿಚ್ಚಲಿ, ನಮ್ಮ ಕರಾರುಗಳ ಗಂಟನ್ನು ಭದ್ರವಾಗಿಡಲಿ. ಆಮೀನ್.